ಗ್ಲೇಜ್ ಹಚ್ಚಿ ಎಂಟು ತಿಂಗಳು: ಬೀದರಿನಲ್ಲಿ ಚಿತ್ರ ಬಿಡಿಸುವವಳ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಚಿತ್ರದ ಶೈಲಿಯನ್ನು ಎಐ ಕಲಿಯದ ಹಾಗೆ ತಡೆಯಲು ಮಾಡಿದ ಗ್ಲೇಜ್ ಎಂಬ ಸಾಫ್ಟ್‌ವೇರ್ ನಿಮ್ಮ ಚಿತ್ರಕ್ಕೆ ಗಟ್ಟಿ ಬೀಗ ಅಲ್ಲ. ಅದನ್ನು ಮಾಡಿದವರೂ ಹಾಗೆ ಹೇಳಿಕೊಂಡಿಲ್ಲ. ಆದರೂ ಒಂದು ವರ್ಷ ಒಂದೇ ಒಂದು ಚಿತ್ರವನ್ನೂ ಇನ್‌ಸ್ಟಾಗ್ರಾಂಗೆ ಹಾಕದೆ ಕೂತಿದ್ದ ನಾನು 2025ರ ಜುಲೈಯಿಂದ ಈಚೆಗೆ ಮೂವತ್ತೊಂದು ಚಿತ್ರ ಹಾಕಿದ್ದೇನೆ, ಎಲ್ಲವೂ ಗ್ಲೇಜ್ ಹಚ್ಚಿಯೇ ಹೋದವು. ಎಐ ಭಯಕ್ಕೆ ಚಿತ್ರ ಹಾಕುವುದನ್ನೇ ಬಿಟ್ಟ ಗೆಳತಿಯರು ನನಗೆ ನಾಲ್ಕು ಜನ ಇದ್ದಾರೆ. ಇಬ್ಬರು ಕಲಬುರಗಿಯವರು. ಫೋನ್ ಮಾಡಿದಾಗಲೆಲ್ಲ "ಅದು ಖರೇನೇ ಕೆಲಸ ಮಾಡ್ತದೇನು?" ಅಂತಲೇ ಕೇಳುತ್ತಾರೆ. ಅದಕ್ಕೆ ಒಮ್ಮೆಗೇ ಬರೆದುಬಿಡೋಣ ಅನ್ನಿಸಿತು.

ನಾನು ಬೀದರಿನವಳು. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತೇನೆ. ಭಾನುವಾರ ಬಂತೆಂದರೆ ಪೆನ್ನು, ಇಂಕು, ವಾಟರ್ ಕಲರ್ ಡಬ್ಬಿ ಹಿಡಿದು ಊರು ಸುತ್ತುತ್ತೇನೆ. ಮಹಮೂದ್ ಗವಾನ್ ಮದರಸಾ, ಚೌಬಾರಾ, ಕೋಟೆಯ ಬಾಗಿಲುಗಳು, ಅಷ್ಟೂರಿನ ಬಹಮನಿ ಗುಮ್ಮಟಗಳು, ನೌಬಾದಿನ ಕರೇಜ್. ಬಿಡಿಸಿದ್ದನ್ನು ಹಾಕುತ್ತಿದ್ದೆ. ನನ್ನನ್ನು ಫಾಲೋ ಮಾಡುವವರು ಎರಡು ಸಾವಿರವೂ ಇಲ್ಲ, ಹೆಸರು ಮಾಡಬೇಕು ಅಂತ ಹಾಕಿದ್ದಲ್ಲ. ಹಾಕುತ್ತಿದ್ದುದು ಕೆಳಗೆ ಬರುವ ಮಾತುಗಳಿಗಾಗಿ.

ಒಂದು ಉದಾಹರಣೆ ಹೇಳುತ್ತೇನೆ. ಒಮ್ಮೆ ನೌಬಾದಿನಲ್ಲಿ ಒಂದು ಹಳೇ ಬಾವಿ ಬಿಡಿಸಿ "ಹಳೇ ಬಾವಿ" ಅಂತಲೇ ಹೆಸರು ಕೊಟ್ಟು ಹಾಕಿದ್ದೆ. ನಿವೃತ್ತ ಮೇಷ್ಟರೊಬ್ಬರು ಬರೆದರು: "ನೀವು ತೆಗೆದಿದ್ದು ಬಾವಿ ಅಲ್ಲವ್ವಾ, ಕರೇಜಿನ ಕಿಂಡಿ. ಕೆಳಗ ಸುರಂಗ ಹೋಗ್ತದ. ಸಣ್ಣವರಿದ್ದಾಗ ನಾವು ಮ್ಯಾಲಿಂದ ಕಲ್ಲು ಒಗದು ಸಪ್ಪಳ ಕೇಳತಿದ್ವಿ." ಆಮೇಲೆ ಓದಿ ತಿಳಿದುಕೊಂಡೆ, ಅವರು ಹೇಳಿದ್ದೇ ಸರಿ. ನೆಲದಡಿ ನೀರು ಹರಿಯುವ ಸುರಂಗಕ್ಕೆ ಗಾಳಿಗೆ, ಇಳಿಯಲಿಕ್ಕೆ ಅಂತ ಸಾಲಾಗಿ ತೋಡಿದ ಕಿಂಡಿಗಳವು. ಮುಂದಿನ ವಾರ ನೆಲ ಸೀಳಿ ತೋರಿಸುವ ಹಾಗೆ ಮತ್ತೆ ಬಿಡಿಸಿದೆ. ಮೇಷ್ಟರು ಅದರಲ್ಲೂ ಎರಡು ತಪ್ಪು ಹುಡುಕಿದರು. ಅಂಥ ಜನ ಎಲ್ಲಿ ಸಿಗಬೇಕು ಹೇಳಿ! ಚಿತ್ರವನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದರೆ ಅದು ಇವತ್ತಿಗೂ "ಹಳೇ ಬಾವಿ"ಯೇ ಆಗಿರುತ್ತಿತ್ತು.

ನಿಲ್ಲಿಸಿದ್ದು 2024ರ ಮಧ್ಯದಲ್ಲಿ. ಭಯ ಅದಕ್ಕೂ ಮುಂಚೆಯೇ ಒಳಗೆ ಕೂತಿತ್ತು. 2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಎಂಬ, ಬರೆದು ಹೇಳಿದರೆ ಚಿತ್ರ ಮಾಡಿಕೊಡುವ ಎಐ ಬಂದಾಗ ಅದಕ್ಕೆ ಕಲಿಸಲು ಬಳಸಿದ ಚಿತ್ರಗಳು ಎಲ್ಲಿಂದ ಬಂದವು ಅಂತ ಓದಿದ್ದೆ. ಲಯಾನ್-5ಬಿ ಎಂಬ ಸಂಗ್ರಹ ಅದರ ಮೂಲ, ಅದರಲ್ಲಿ ಇಂಟರ್ನೆಟ್ಟಿನಿಂದ ಬಾಚಿಕೊಂಡ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳು, ಅವುಗಳ ಜೊತೆಗಿದ್ದ ಬರಹ. ಬಿಡಿಸಿದವರನ್ನು ಯಾರೂ ಕೇಳಿರಲಿಲ್ಲ. ಮರು ವರ್ಷ ಮೆಟಾ ಕಂಪನಿಯೂ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಜನ ಎಲ್ಲರಿಗೂ ಕಾಣುವಂತೆ ಹಾಕಿದ ಚಿತ್ರಗಳನ್ನು ತನ್ನ ಎಐಗೆ ಕಲಿಸಲು ಬಳಸಿದ್ದೇವೆ ಅಂತ ಹೇಳಿತು. ಅಂದರೆ ನಾನು ಹಾಕಿದ ಚಿತ್ರಗಳೂ ಎಲ್ಲರಿಗೂ ಕಾಣುವಂಥವೇ, ಅಲ್ವಾ? ಆದರೂ ದೂರದ ವಿಷಯ ಅಂತ ಸುಮ್ನಿದ್ದೆ.

ಆಮೇಲೆ ಅದು ನನ್ನ ಮನೆ ಬಾಗಿಲಿಗೇ ಬಂತು. ಹೆಸರು ಬೇಡ, ಒಂದು ಹೋಟೆಲಿನವರು ಗೋಡೆಗೆ ಆರು ಚಿತ್ರ ಬೇಕು ಅಂದಿದ್ದರು. ರೇಟೂ ಮಾತಾಡಿ ಆಗಿತ್ತು. ಹದಿನೈದು ದಿನ ಬಿಟ್ಟು ವಾಟ್ಸಾಪ್‌ನಲ್ಲಿ ಆರು ಚಿತ್ರ ಕಳಿಸಿದರು. "ನಿಮ್ಮವೇ ಎರಡು ಚಿತ್ರ ಕೊಟ್ಟು ನಮ್ಮ ಹುಡುಗ ಎಐದಾಗ ಮಾಡ್ಯಾನ್ರಿ ಮೇಡಂ, ಚಂದ ಆಗ್ಯಾವಲ್ಲ?" ಅವರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ, ಖುಷಿಯಿಂದಲೇ ತೋರಿಸಿದ್ದು. ಮದರಸಾಕ್ಕೆ ಎರಡು ಮಿನಾರು ಇದ್ದವು. 1472ರಲ್ಲಿ ಕಟ್ಟಿದಾಗ ಎರಡು ಇದ್ದದ್ದು ಹೌದು, ಆದರೆ ಈಗ ಉಳಿದಿರುವುದು ಒಂದೇ, ಬೀದರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಅದು ನನಗೆ ಅಷ್ಟು ತಾಗಲಿಲ್ಲ. ತಾಗಿದ್ದು ಗೆರೆ. ನೆರಳು ತುಂಬುವಾಗ ನನ್ನ ಗೆರೆಗಳು ಎಡಕ್ಕೆ ವಾಲುತ್ತವೆ, ಕಾಲೇಜಿನಲ್ಲಿ ಮೇಷ್ಟರು ಎಷ್ಟು ಬೈದರೂ ತಿದ್ದಲಾಗದ ಅಭ್ಯಾಸ ಅದು. ಆ ಆರೂ ಚಿತ್ರಗಳಲ್ಲಿ ಗೆರೆಗಳು ಎಡಕ್ಕೇ ವಾಲಿದ್ದವು. ನನ್ನ ದನಿಯಲ್ಲಿ ಬೇರೆ ಯಾರೋ ಮಾತಾಡಿದ ಹಾಗಾಯಿತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಏನೂ ಹಾಕಲಿಲ್ಲ. ಬಿಡಿಸುವುದನ್ನೇನೂ ಬಿಡಲಿಲ್ಲ, ಪ್ರತಿ ಭಾನುವಾರ ಹೋಗುತ್ತಿದ್ದೆ, ಬರುತ್ತಿದ್ದೆ, ಫೈಲಿಗೆ ಸೇರಿಸುತ್ತಿದ್ದೆ. ಆದರೆ ಬರ್ತಾ ಬರ್ತಾ ಕೈ ಸೋಮಾರಿಯಾಯಿತು. ತೋರಿಸುವವರಿಲ್ಲದಿದ್ದರೆ ಕಮಾನಿನ ಮೂಲೆಯಲ್ಲಿ "ಇಷ್ಟು ಸಾಕು ಬಿಡು" ಅನ್ನಿಸಿಬಿಡುತ್ತದೆ. 2025ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಯಿಂದ ಜಪಾನಿನ ಘಿಬ್ಲಿ ಸ್ಟುಡಿಯೊ ಶೈಲಿಯ ಚಿತ್ರ ಮಾಡಿಸುವ ಹುಚ್ಚು ದೇಶವೆಲ್ಲ ಹಬ್ಬಿತಲ್ಲ, ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲೂ ಅದೇ. ಮದುವೆ ಫೋಟೋ, ಮಗುವಿನ ಫೋಟೋ, ಎಲ್ಲಕ್ಕೂ ಅದೇ ದುಂಡು ಮುಖ. ಎಷ್ಟೋ ವರ್ಷ ಕೂತು ಕೈಯಿಂದ ಬಿಡಿಸಿ ತಂದುಕೊಂಡ ಒಂದು ಶೈಲಿ ಅದು. ನನಗೆ ನೋಡಲಿಕ್ಕಾಗಲಿಲ್ಲ.

ಗ್ಲೇಜ್ ಬಗ್ಗೆ ಹೇಳಿದ್ದು ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಹಳೇ ವಿದ್ಯಾರ್ಥಿನಿ. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಬೆನ್ ಝಾವೊ ಅವರ ತಂಡ ಮಾಡಿದ ಸಾಫ್ಟ್‌ವೇರ್ ಇದು, 2023ರ ಮಾರ್ಚ್‌ನಲ್ಲಿ ಹೊರಬಂತು. ಪೂರ್ತಿ ಉಚಿತ. ಜಾಹೀರಾತೂ ಇಲ್ಲ. ವಿಂಡೋಸ್‌ಗೆ ಇದೆ, ಮ್ಯಾಕ್‌ಗೆ ಇದೆ. ಅವರದೇ ಜಾಲತಾಣದಿಂದ ಇಳಿಸಿಕೊಳ್ಳಿ, ಬೇರೆ ಯಾರೋ ಕಳಿಸಿದ ಲಿಂಕಿನಿಂದ ಬೇಡ.

ಇದು ಮಾಡುವುದು ಏನು? ಚಿತ್ರದ ಪಿಕ್ಸೆಲ್‌ಗಳನ್ನು ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಹಾಗೆ ಅಲ್ಲಲ್ಲಿ ಬದಲಿಸುತ್ತದೆ. ನಮಗೆ ಅದೇ ಚಿತ್ರ. ಆದರೆ ಯಂತ್ರ ಚಿತ್ರ ನೋಡುವ ರೀತಿಯೇ ಬೇರೆ, ಅದಕ್ಕೆ ಈ ಬದಲಾವಣೆ ದೊಡ್ಡದಾಗಿ ಕಾಣುತ್ತದೆ. ನನ್ನ ತೆಳು ಪೆನ್ನಿನ ಗೆರೆಯನ್ನು ಅದು ಬೇರೆ ಯಾವುದೋ ಶೈಲಿ, ಹೇಳಬೇಕೆಂದರೆ ದಪ್ಪ ಎಣ್ಣೆ ಬಣ್ಣದ ಚಿತ್ರ ಅಂತ ತಿಳಿಯುತ್ತದೆ. ಅಂಥ ಹತ್ತಾರು ಚಿತ್ರ ಕೊಟ್ಟು "ಇವಳ ಹಾಗೆ ಬಿಡಿಸು" ಅಂತ ಕಲಿಸಿದರೆ ಕಲಿತದ್ದೂ ತಪ್ಪಾಗಿರುತ್ತದೆ. ವಿಷಯ ಮುಚ್ಚುವುದಿಲ್ಲ, ಮದರಸಾ ಮದರಸಾ ಆಗಿಯೇ ಇರುತ್ತದೆ. ಮುಚ್ಚುವುದು ಕೈಯ ಗುರುತನ್ನು.

ನನಗೆ ಇದು ಯಾಕೆ ಮುಖ್ಯ ಅನ್ನಿಸಿತು ಅಂದರೆ, ಕಾನೂನು ಕೈ ಬಿಡುವ ಜಾಗವೇ ಇದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬಿಡಿಸಿದ ಕ್ಷಣದಿಂದ ಅದರ ಹಕ್ಕು ನಮ್ಮದು, ನೋಂದಣಿಯೂ ಬೇಕಿಲ್ಲ. ಆದರೆ ಶೈಲಿಗೆ ಹಕ್ಕು ಇಲ್ಲ. ನನ್ನ ಎಡಕ್ಕೆ ವಾಲುವ ಗೆರೆ ಯಾರದ್ದೂ ಅಲ್ಲ. ಮನುಷ್ಯರ ಮಟ್ಟಿಗೆ ಅದು ಸರಿಯೇ, ಒಬ್ಬರನ್ನೊಬ್ಬರು ನೋಡಿಯೇ ನಾವೆಲ್ಲ ಕಲಿತದ್ದು, ನನ್ನ ಮಕ್ಕಳೂ ನನ್ನನ್ನು ನೋಡಿಯೇ ಕಲಿಯುತ್ತಿದ್ದಾರೆ. ಆದರೆ ಹದಿನೈದು ವರ್ಷದ ಕೈಯನ್ನು ಹದಿನೈದು ನಿಮಿಷದಲ್ಲಿ ಎತ್ತಿಕೊಂಡು ಹೋಗುವ ಯಂತ್ರಕ್ಕೂ ಅದೇ ನ್ಯಾಯ ಅಂದರೆ ನಾನು ಒಪ್ಪುವುದಿಲ್ಲ.

ಬಳಕೆ ಸುಲಭ. ಚಿತ್ರ ಆರಿಸಬೇಕು, ಎರಡು ವಿಷಯ ಹೇಳಬೇಕು: ಎಷ್ಟು ಗಾಢವಾಗಿ ಹಚ್ಚಬೇಕು, ಎಷ್ಟು ಹೊತ್ತು ತೆಗೆದುಕೊಂಡು ಹಚ್ಚಬೇಕು. ಎರಡೂ ಜಾಸ್ತಿ ಆದಷ್ಟು ರಕ್ಷಣೆ ಜಾಸ್ತಿ. ಮೊದಲ ಸಲ ತೆರೆದಾಗ ಹಲವು ಜಿಬಿ ಇಳಿಸಿಕೊಳ್ಳುತ್ತದೆ, ಒಳ್ಳೆ ವೈಫೈ ಇರುವ ಕಡೆ ಆ ಕೆಲಸ ಮುಗಿಸಿಕೊಳ್ಳಿ. ಆಮೇಲೆ ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಚಿತ್ರ ಹೊರಗೆ ಎಲ್ಲೂ ಹೋಗುವುದಿಲ್ಲ. ನನಗೆ ಧೈರ್ಯ ಕೊಟ್ಟದ್ದು ಇದೇ. ಕಳ್ಳತನಕ್ಕೆ ಹೆದರಿ ಇನ್ನೊಬ್ಬರ ಮನೆಯಲ್ಲಿ ಬಂಗಾರ ಇಡುವ ಹಾಗಾಗಬಾರದು ನೋಡಿ.

ಆದರೆ ಕಂಪ್ಯೂಟರಿಗೆ ಕೆಲಸ ಬಹಳ. ನನ್ನದು ಏಳು ವರ್ಷದ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಒಂದು ಚಿತ್ರಕ್ಕೆ ಒಂದು ಗಂಟೆ ಮೇಲೆಯೇ ಬೇಕು. ರಾತ್ರಿ ಊಟ ಮುಗಿಸಿ ಓಡಲು ಬಿಟ್ಟು ಮಲಗುತ್ತೇನೆ. ಮೇ ತಿಂಗಳಲ್ಲಿ ಇದನ್ನು ಮಾಡಬೇಕಾದರೆ ಲ್ಯಾಪ್‌ಟಾಪ್ ಕೆಳಗೆ ಫ್ಯಾನ್ ಇಡಬೇಕಾದೀತು, ನಮ್ಮ ಬಿಸಿಲು ಗೊತ್ತಲ್ಲ. ಅಷ್ಟೂ ಇಲ್ಲದವರಿಗೆ ವೆಬ್‌ಗ್ಲೇಜ್ ಅಂತ ಇದೆ, ಬ್ರೌಸರಿನಲ್ಲೇ, ಫೋನಿನಲ್ಲೂ ನಡೆಯುತ್ತದೆ, ಹಚ್ಚುವ ಕೆಲಸ ಅವರ ಕಂಪ್ಯೂಟರ್ ಮಾಡುತ್ತದೆ. ಅದಕ್ಕೆ ಅವರಿಗೆ ಬರೆದು ಆಹ್ವಾನ ಕೇಳಬೇಕು, ಎಐ ಬಳಸದೆ ಕೈಯಿಂದ ಬಿಡಿಸುವವರಿಗೆ ಕೊಡುತ್ತಾರೆ. ಕಲಬುರಗಿಯ ಗೆಳತಿ ಹಾಗೆ ತೆಗೆದುಕೊಂಡಳು. ಅವಳ ಹತ್ತಿರ ಇರುವುದು ಫೋನ್ ಮಾತ್ರ.

ಹಚ್ಚಿದ ಮೇಲೆ ಚಿತ್ರ ಹೇಗೆ ಕಾಣುತ್ತದೆ ಅನ್ನುವುದು ಎಲ್ಲರ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ಬಣ್ಣ ಬಳಿದ ಜಾಗ, ಖಾಲಿ ಬಿಟ್ಟ ಜಾಗ ಇದ್ದರೆ ಬದಲಾವಣೆ ಕಾಣುತ್ತದೆ ಅಂತ ಮಾಡಿದವರೇ ತಿಳಿಸಿದ್ದಾರೆ. ಬೀದರ್ ಚಿತ್ರಗಳಲ್ಲಿ ನಾನು ಕಂಡದ್ದು ಹೀಗೆ. ಕೋಟೆ ಗೋಡೆ ಬಿಡಿಸಿದರೆ ಏನೂ ಗೊತ್ತಾಗುವುದಿಲ್ಲ. ನಮ್ಮದು ಕೆಂಪು ಜಂಬಿಟ್ಟಿಗೆ ಕಲ್ಲು, ಮೈಯೆಲ್ಲ ತೂತು ತೂತು, ಅದರ ಮೇಲೆ ಇನ್ನಷ್ಟು ಒರಟು ಸೇರಿದರೆ ಕಲ್ಲಿನದೋ ಸಾಫ್ಟ್‌ವೇರಿನದೋ ಹೇಳುವುದು ಕಷ್ಟ. ಚೌಬಾರಾದ ಸುತ್ತಲಿನ ಗದ್ದಲ, ಅಂಗಡಿ ಬೋರ್ಡು, ತಂತಿ, ಆಟೋ ಇದ್ದರೂ ಹಾಗೇ. ಅಷ್ಟೂರಿನದು ಬೇರೆ ಮಾತು. ಅಲ್ಲಿ ಒಡೆದು ಅರ್ಧ ಕುಸಿದು ನಿಂತ ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ, ಅದರ ಹಿಂದೆ ದೊಡ್ಡ ಖಾಲಿ ಆಕಾಶ, ಆ ಖಾಲಿತನವೇ ಚಿತ್ರದ ಜೀವ. ಗಾಢವಾಗಿ ಹಚ್ಚಿದರೆ ಆ ಬಿಳಿಯ ಮೇಲೆ ತೆಳ್ಳಗೆ ಅಲೆ ಮೂಡುತ್ತದೆ. ಅದಕ್ಕೆ ನಾನು ಕಂಡುಕೊಂಡ ದಾರಿ: ಕಲ್ಲು, ಜನ, ಮರ ಇರುವ ಚಿತ್ರಗಳಿಗೆ ಗಾಢ, ಆಕಾಶ ಜಾಸ್ತಿ ಇರುವುದಕ್ಕೆ ತೆಳು. ಇನ್ನೊಂದು, ಒರಟು ಹಾಳೆಯ ಮೇಲೆ ಬಿಡಿಸಿ ಹಾಳೆಯ ಮೇಲ್ಮೈ ಬರುವ ಹಾಗೆ ಸ್ಕ್ಯಾನ್ ಮಾಡಿದರೆ ಆಕಾಶವೂ ಸಹಿಸಿಕೊಳ್ಳುತ್ತದೆ. ಸಹಿ ಹಾಕುವುದು, ಸೈಜು ಕಡಿಮೆ ಮಾಡುವುದು ಎಲ್ಲ ಮುಗಿಸಿ ಕೊನೆಗೆ ಗ್ಲೇಜ್ ಹಚ್ಚಬೇಕು, ಮೊದಲೇ ಹಚ್ಚಿ ಆಮೇಲೆ ತಿದ್ದಬೇಡಿ. ಸ್ಕ್ರೀನ್‌ಶಾಟ್ ತೆಗೆದರೆ, ಕತ್ತರಿಸಿದರೆ ಹೋಗುವುದಿಲ್ಲ ಅಂತ ಅವರ ವಿವರಣೆಯಲ್ಲಿದೆ.

ಗ್ಲೇಜ್ ಅಂದರೆ ಮಣ್ಣಿನ ಬಿಲ್ಲೆಗೆ ಹಚ್ಚುವ ಗಾಜಿನ ಮೆರುಗು. ನಮ್ಮ ಮದರಸಾದ ಮುಂಭಾಗದಲ್ಲಿ ಅಂಥ ನೀಲಿ, ಹಸಿರು ಬಿಲ್ಲೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಉದುರಿದ್ದೇ ಹೆಚ್ಚು. ಆದರೆ ಉಳಿದ ಕಡೆ ಐನೂರು ವರ್ಷದ ಬಿಸಿಲು ಮಳೆ ತಿಂದೂ ಬಣ್ಣ ಹಾಗೇ ಇದೆ. ಬಿಡಿಸುವಾಗಲೆಲ್ಲ ಈ ಹೆಸರು ನೆನಪಾಗುತ್ತದೆ.

ಈಗ ಕಹಿ ವಿಷಯ. ನನಗೆ ಆದದ್ದು, ಅಂದರೆ ಒಂದೆರಡು ಚಿತ್ರ ನೇರವಾಗಿ ಎಐಗೆ ಕೊಟ್ಟು "ಇದರ ಹಾಗೆ ಮಾಡು" ಅಂದದ್ದು, ಅದಕ್ಕೆ ಗ್ಲೇಜ್ ಹೆಚ್ಚು ತಡೆ ಹಾಕುವುದಿಲ್ಲ. ಮಾಡಿದವರೇ ಇದನ್ನು ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಅದು ಹೆಚ್ಚು ಕೆಲಸ ಮಾಡುವುದು ಒಬ್ಬರ ಹಲವು ಚಿತ್ರ ಕೂಡಿಸಿ ಶೈಲಿ ಕಲಿಸುವ ಕಡೆ. ಮೊದಲೇ ಬಾಚಿಕೊಂಡು ಹೋದ ಚಿತ್ರಗಳಿಗೂ ಏನೂ ಮಾಡಲಾಗದು, 2024ರ ತನಕ ನಾನು ಹಾಕಿದ್ದೆಲ್ಲ ಹೋದ ಹಾಗೇ ಲೆಕ್ಕ. ಅಲ್ಲದೆ ಇದನ್ನು ಮುರಿಯುವ ದಾರಿಗಳೂ ಇವೆ. 2024ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯ ಮತ್ತು ಗೂಗಲ್ ಡೀಪ್‌ಮೈಂಡ್‌ನ ಸಂಶೋಧಕರು ಇಂಥ ಲೇಪವನ್ನು ಸುಲಭ ಉಪಾಯಗಳಿಂದಲೇ ದಾಟಬಹುದು ಅಂತ ತೋರಿಸಿದರು. ನಾನು ಶುರು ಮಾಡಿದ ಮರು ತಿಂಗಳು, 2025ರ ಆಗಸ್ಟ್‌ನಲ್ಲಿ, ಲೈಟ್‌ಶೆಡ್ ಎಂಬ ಇನ್ನೊಂದು ಸಂಶೋಧನೆ ಮಂಡನೆಯಾಯಿತು. ಗ್ಲೇಜ್ ತಂಡದವರದೇ ಇನ್ನೊಂದು ಸಾಧನ ನೈಟ್‌ಶೇಡ್, ಅದು ಹಚ್ಚಿದ ಚಿತ್ರಗಳನ್ನು ಲೈಟ್‌ಶೆಡ್ ಶೇಕಡಾ 99.98ರಷ್ಟು ಸರಿಯಾಗಿ ಗುರುತಿಸಿ, ಹಚ್ಚಿದ್ದನ್ನು ತೆಗೆದೂ ಹಾಕುತ್ತದಂತೆ. ಕಲಾವಿದರಿಗೆ ಕೇಡು ಮಾಡಲು ಅಲ್ಲ, ಈ ರಕ್ಷಣೆಯನ್ನೇ ನಂಬಿ ಕೂರಬೇಡಿ ಅಂತ ಎಚ್ಚರಿಸಲು ಮಾಡಿದ್ದು ಅಂತ ಅವರ ಮಾತು. ಅದನ್ನು ಓದಿದ ದಿನ ಮತ್ತೆ ಎಲ್ಲ ತೆಗೆದುಹಾಕಿಬಿಡಲೇ ಅಂತ ಫೋನ್ ಹಿಡಿದು ಬಹಳ ಹೊತ್ತು ಕೂತಿದ್ದೆ.

ತೆಗೆಯಲಿಲ್ಲ. ಯಾಕೆ ಅಂದರೆ ಅಷ್ಟರಲ್ಲಿ ಆರು ಚಿತ್ರ ಹಾಕಿ ಆಗಿತ್ತು, ಮಾತುಗಳು ಬಂದಾಗಿದ್ದವು. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ಬಿಡಿಸಿ ಹಾಕಿದ್ದೆ, ಅದರ ಕೆಳಗೆ ಹುಮನಾಬಾದಿನ ಹುಡುಗಿಯೊಬ್ಬಳು ತಾನು ಬಿಡಿಸಿದ್ದನ್ನೂ ಕಳಿಸಲೇ ಅಂತ ಕೇಳಿದ್ದಳು. ಮುರಿಯಬಲ್ಲವರು ಇದ್ದಾರೆ ಅನ್ನುವುದು ನಿಜ, ಆದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಚಿಕೊಂಡು ಹೋಗುವ ಯಂತ್ರ ಒಂದೊಂದು ಚಿತ್ರಕ್ಕೂ ಅಷ್ಟು ಕಷ್ಟ ಪಡಬೇಕು. ಅಷ್ಟಾದರೂ ಕಷ್ಟ ಪಡಲಿ. ಮೊದಲು ಅದಕ್ಕೆ ಏನೂ ಕಷ್ಟ ಇರಲಿಲ್ಲ.

ಆದರೆ ಒಂದು ಬಗೆಯ ಚಿತ್ರ ಮಾತ್ರ ನಾನು ಗ್ಲೇಜ್ ಹಚ್ಚಿಯೂ ಹಾಕುತ್ತಿಲ್ಲ. ಬಿದ್ರಿ ನಕ್ಷೆಗಳು. ನಮ್ಮ ಓಣಿಯಲ್ಲೇ ಒಬ್ಬರು ಚಾಚಾ ಬಿದ್ರಿ ಕೆಲಸ ಮಾಡುತ್ತಾರೆ. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಉಜ್ಜಿ, ಮೈಗೆ ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಂಡು, ಆ ಕಪ್ಪಿನ ಮೇಲೆ ಅಚ್ಚು ಇಲ್ಲ ಏನಿಲ್ಲ, ಬರೀ ಕೈಯಿಂದ ನಕ್ಷೆ ಕೊರೆಯುತ್ತಾರೆ. ಆಮೇಲೆ ಬೆಳ್ಳಿ ತಂತಿ ಕೂರಿಸಿ ಬಡಿಯುವುದು, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಹಚ್ಚಿ ತಿಕ್ಕಿದರೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದು. ನಾನು ಅವರ ಪಕ್ಕ ಕೂತು ಎಷ್ಟೋ ನಕ್ಷೆಗಳನ್ನು ಪುಸ್ತಕಕ್ಕೆ ಇಳಿಸಿಕೊಂಡಿದ್ದೇನೆ. ಗ್ಲೇಜ್ ತೋರಿಸಿ, ಹಾಕಲೇ ಅಂತ ಕೇಳಿದೆ. ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ನೋಡಿದರು.

"ನಕ್ಷಿ ನೋಡಿ ಮಾಡ್ಕೊಳ್ಳೋರು ಮೊದಲಿಂದೂ ಹಾರ ಬೇಟಿ. ಆದ್ರ ನೋಡಬೇಕಂದ್ರ ನನ್ನ ಮುಂದ ಬಂದು ಕೂಡಬೇಕಿತ್ತು, ಚಾ ಕುಡೀಬೇಕಿತ್ತು. ಇದು ಯಾರ್ ಮುಂದ ಬಂದು ಕೂಡ್ತದ?"

ಬಿದ್ರಿಗೆ ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಬೇರೆಯವರು ಆ ಹೆಸರಿನಲ್ಲಿ ಹೂಜಿ ಮಾರುವ ಹಾಗಿಲ್ಲ. ಆದರೆ ನಕ್ಷೆಯನ್ನು ಚಿತ್ರವಾಗಿ ನುಂಗಿ ಟೀ ಶರ್ಟಿನ ಮೇಲೆ, ಮೊಬೈಲ್ ಕವರಿನ ಮೇಲೆ ಉಗುಳುವುದಕ್ಕೆ ಅದು ಅಡ್ಡ ಬರುತ್ತದೆ ಅಂತ ನನಗೆ ನಂಬಿಕೆ ಇಲ್ಲ. ನನ್ನ ಗೆರೆ ಹೋದರೆ ನಷ್ಟ ನನ್ನದು, ಆ ಅಪಾಯ ತೆಗೆದುಕೊಳ್ಳುವ ಹಕ್ಕು ನನಗಿದೆ. ಚಾಚಾನ ಮನೆತನದ ಕೈಯನ್ನು ಅಪಾಯಕ್ಕೆ ಒಡ್ಡಲು ನಾನು ಯಾರು? ಆ ಪುಸ್ತಕ ಕಪಾಟಿನಲ್ಲೇ ಇದೆ. ನೋಡಬೇಕು ಅನ್ನುವವರು ಮನೆಗೆ ಬರಲಿ, ಚಾ ಮಾಡಿಕೊಡುತ್ತೇನೆ.

ಅಂಕ ಕೇಳಿದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ರಕ್ಷಣೆಗೆ ಮಾತ್ರ ಅಂದರೆ ಎರಡೂವರೆ. ಒಂದು ಅಂಕ ಜಾಸ್ತಿ ಯಾಕೆ ಅಂದರೆ, ಪೈಸೆ ತೆಗೆದುಕೊಳ್ಳದೆ, ತಮ್ಮ ಸಾಧನದ ಕೊರತೆಯನ್ನು ತಾವೇ ಬರೆದಿಟ್ಟು, ದೂರದ ಬೀದರಿನಲ್ಲಿರುವ ನನ್ನಂಥವಳಿಗೂ ಯಾರೋ ಒಂದು ತಂಡ ಕೂತು ಕೆಲಸ ಮಾಡಿದ್ದಾರೆ. ವ್ಯಾಪಾರಕ್ಕೆ ಬಿಡಿಸುವವರು, ಡಿಜಿಟಲ್‌ನಲ್ಲಿ ಒಂದೇ ಬಣ್ಣ ಬಳಿದು ಬಿಡಿಸುವವರು ಮೊದಲು ಒಂದೆರಡು ಚಿತ್ರಕ್ಕೆ ಹಚ್ಚಿ ನೋಡಿ, ಇಷ್ಟವಾದರೆ ಮುಂದುವರಿಯಿರಿ. ಪೆನ್ನು, ಪೆನ್ಸಿಲ್, ವಾಟರ್ ಕಲರ್‌ನವರು ಯೋಚನೆ ಮಾಡದೆ ಶುರು ಮಾಡಿ. ಸಣ್ಣ ಸೈಜಿನಲ್ಲಿ ಹಾಕಿ, ದೊಡ್ಡ ಸ್ಕ್ಯಾನ್ ಯಾರಿಗೂ ಕೊಡಬೇಡಿ.

ಮೇಷ್ಟರು ವಾಪಸ್ ಬಂದರೋ ಇಲ್ಲವೋ ಅಂತ ಕೇಳುತ್ತೀರೇನೋ. ಮೊದಲ ಎರಡು ತಿಂಗಳು ಅವರ ಸದ್ದೇ ಇರಲಿಲ್ಲ, ನನಗೆ ಹೆದರಿಕೆಯೇ ಆಗಿತ್ತು, ವಯಸ್ಸಾದವರು. ದಸರಾ ಹೊತ್ತಿಗೆ ಬಂದರು. "ಒಂದು ವರ್ಷ ಎಲ್ಲಿ ಹೋಗಿದ್ರಿ? ನಿಮ್ಮ ಚಿತ್ರದಾಗ ಕಿಂಡಿ ಮೂರೇ ಅವ. ಹೊಲದಾಚೆ ಇನ್ನೊಂದದ, ಜಾಲಿ ಬೆಳದು ಕಾಣಂಗಿಲ್ಲ, ನಾ ಬಂದು ತೋರಿಸ್ತೀನಿ." ಮೊಣಕಾಲು ನೋವಿನಿಂದ ಅವರು ಇಷ್ಟು ದಿನ ಮುಂದೂಡುತ್ತಾ ಬಂದರು. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಅಂತ ನಿನ್ನೆ ಫೋನ್ ಮಾಡಿದ್ದಾರೆ. ಒರಟು ಹಾಳೆ ತೆಗೆದಿಟ್ಟಿದ್ದೇನೆ.